ಮೊದಲ ಸಲ ಲಂಡನ್: ಎಲ್ಲಿ ಖರ್ಚು ಮಾಡುವುದು, ಎಲ್ಲಿ ಕೈ ಬಿಗಿ ಹಿಡಿಯುವುದು

ಲಂಡನ್ನಿಗೆ ಹೋಗುವುದು ಪಕ್ಕಾ ಆದಮೇಲೆ ನಮ್ಮವರು ಮೊದಲು ಮಾಡುವ ಕೆಲಸ ಲಂಡನ್ ಐ ಅನ್ನುವ ದೈತ್ಯ ಚಕ್ರದ ಟಿಕೆಟ್ಟಿನ ಬೆಲೆ ನೋಡುವುದು. ಎರಡನೆಯದು ಅದನ್ನು 120ರಿಂದ ಗುಣಿಸುವುದು. ಆ ಗಾಬರಿಯಲ್ಲಿ ಹೋಟೆಲನ್ನು ಊರಾಚೆ ಎಲ್ಲೋ ಅಗ್ಗಕ್ಕೆ ಹಿಡಿದು, ಉಳಿದ ದುಡ್ಡಿನಲ್ಲಿ ನಾಲ್ಕಾರು ದುಬಾರಿ ಟಿಕೆಟ್ ಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಇದು ಪೂರ್ತಿ ಉಲ್ಟಾ. ಲಂಡನ್ನಿನಲ್ಲಿ ನೋಡಲೇಬೇಕಾದ್ದು ಬಹಳಷ್ಟು ಪುಕ್ಕಟೆ. ಕೈಗೆ ಸಿಗದೆ ಹೋಗುವುದು ಸಮಯ, ಕೈ ಕೊಡುವುದು ಮೊಣಕಾಲು. ಹಾಗಾಗಿ ಮಲಗುವ ಜಾಗಕ್ಕೆ ಧಾರಾಳವಾಗಿ ಕೊಡಿ, ಟಿಕೆಟ್ಟುಗಳಲ್ಲಿ ಉಳಿಸಿ. ಮುಂದಿನ ಹೋಲಿಕೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ಇಲ್ಲಿ ಹೇಳಿದ ಬೆಲೆಗಳು ಅಂದಾಜು. ಅಲ್ಲಿನ ರೈಲು ದರಗಳು ಹೆಚ್ಚುಕಡಿಮೆ ಪ್ರತಿ ಮಾರ್ಚಿನಲ್ಲಿ ಏರುತ್ತವೆ.

ಪ್ಯಾಕೇಜಾ, ನಾವೇ ಹೋಗುವುದಾ?

"ಹತ್ತು ದಿನ, ಏಳು ದೇಶ" ಎನ್ನುವ ಪ್ಯಾಕೇಜುಗಳಲ್ಲಿ ಲಂಡನ್ನಿಗೆ ಸಿಗುವುದು ಸಾಮಾನ್ಯವಾಗಿ ಎರಡು ರಾತ್ರಿ. ಹೋಟೆಲ್ ಹೆಚ್ಚಾಗಿ ಊರಿನ ಅಂಚಿನಲ್ಲಿರುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಸುತ್ತು, ಕಿಟಕಿಯಿಂದಲೇ ಬಿಗ್ ಬೆನ್, ಆಮೇಲೆ ಲಂಡನ್ ಐ ಮತ್ತು ಮೇಡಮ್ ಟುಸ್ಸಾಡ್ಸ್ ಮೇಣದ ಗೊಂಬೆಗಳು. ಮುಗೀತು. ಇದರ ಲಾಭವನ್ನೂ ಹೇಳಬೇಕು. ವೀಸಾ ಕಾಗದಪತ್ರ ಅವರೇ ನೋಡಿಕೊಳ್ಳುತ್ತಾರೆ, ರಾತ್ರಿ ಅನ್ನ ಸಾರು ಸಿಗುತ್ತದೆ, ದಾರಿ ತಪ್ಪುವ ಭಯವಿಲ್ಲ. ಎಪ್ಪತ್ತು ದಾಟಿದ ಅಪ್ಪ ಅಮ್ಮ ಇಬ್ಬರೇ ಹೊರಟಿದ್ದರೆ, ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ, ಪ್ಯಾಕೇಜೇ ಸರಿ.

ಉಳಿದವರಿಗೆ ಬೇಡ ಅನ್ನುತ್ತೇನೆ. ಯುರೋಪಿನ ದೊಡ್ಡ ಊರುಗಳಲ್ಲಿ ನಮಗೆ ಸ್ವಂತವಾಗಿ ತಿರುಗಲು ಲಂಡನ್ನಿನಷ್ಟು ಸುಲಭದ್ದು ಇನ್ನೊಂದಿಲ್ಲ. ಬೋರ್ಡು ಓದಬಹುದು, ಕೇಳಿದರೆ ಹೇಳುತ್ತಾರೆ, ಎಡಗಡೆಯೇ ಗಾಡಿ ಓಡುತ್ತದೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್‌ಗೆ ಪ್ಯಾಕೇಜ್ ಹಿಡಿದು, ಕೊನೆಯಲ್ಲಿ ನಾಲ್ಕೈದು ದಿನ ಲಂಡನ್ ಮಾತ್ರ ಸ್ವಂತ ಇಟ್ಟುಕೊಳ್ಳುವುದೂ ಒಳ್ಳೆಯ ದಾರಿ. ಒಂದು ವಿಷಯ ನೆನಪಿಡಿ: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಒಳಗೆ ಬ್ರಿಟನ್ ಇಲ್ಲ. ಪ್ಯಾರಿಸ್ ಜೊತೆ ಲಂಡನ್ ಸೇರಿಸಿದರೆ ಎರಡು ವೀಸಾ, ಎರಡು ಶುಲ್ಕ. ದುಡ್ಡು ಬಿಗಿಯಾಗಿದ್ದರೆ ಈ ಸಲ ಬ್ರಿಟನ್ ಒಂದನ್ನೇ ನೋಡಿ.

ಎಲ್ಲಿ ಉಳಿಯುವುದು

ಈ ಒಂದು ತೀರ್ಮಾನ ಸರಿಯಾದರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಲಂಡನ್ ಸಾರಿಗೆಯನ್ನು ವಲಯಗಳಾಗಿ ಹಂಚಿದ್ದಾರೆ. ನಡುವಿನದು ವಲಯ 1. ಅದರ ಸುತ್ತ 2, 3 ಅಂತ ಹೊರಗೆ ಹೋಗುತ್ತದೆ. ನೀವು ನೋಡಬೇಕೆಂದಿರುವುದರಲ್ಲಿ ಮುಕ್ಕಾಲು ಪಾಲು ವಲಯ 1ರಲ್ಲೇ ಇದೆ.

ಮೊದಲನೆಯ ಆಯ್ಕೆ, ನಮ್ಮಲ್ಲಿ ಅನೇಕರಿಗೆ ಆಯ್ಕೆಯೇ ಅಲ್ಲ: ನೆಂಟರ ಮನೆ. ರೆಡಿಂಗ್‌ನಲ್ಲಿ ಅಣ್ಣನ ಮಗ, ಸ್ಲೋದಲ್ಲಿ ಅಕ್ಕನ ನಾದಿನಿ, ಮಿಲ್ಟನ್ ಕೀನ್ಸ್‌ನಲ್ಲಿ ಕಾಲೇಜಿನ ಗೆಳೆಯ. "ಹೋಟೆಲ್ ಯಾಕೆ, ನಮ್ಮನೆಗೇ ಬನ್ನಿ" ಅಂತಾರೆ, ಪ್ರೀತಿಯಿಂದಲೇ ಅಂತಾರೆ. ಆದರೆ ರೆಡಿಂಗ್‌ನಿಂದ ವೇಗದ ರೈಲು ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆಯಲ್ಲಿ ಬಂದರೂ, ಮನೆಯಿಂದ ಸ್ಟೇಷನ್, ಸ್ಟೇಷನ್ನಿನಿಂದ ಊರೊಳಗೆ ಅಂತ ಸೇರಿಸಿದರೆ ಒಂದು ದಿಕ್ಕಿಗೇ ಒಂದೂವರೆ ಗಂಟೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಹೊರಟರೆ ರೈಲು ದರವೂ ಜಾಸ್ತಿ. ಮನೆಯವರು ಕೆಲಸಕ್ಕೆ ಹೋಗುವ ಜನ. ನೀವು ರಾತ್ರಿ ಹತ್ತಕ್ಕೆ ಬಂದರೆ ಅವರು ಊಟಕ್ಕೆ ಕಾಯುತ್ತಾರೆ. ಅದಕ್ಕೇ ವಾರದ ದಿನಗಳಲ್ಲಿ ಊರೊಳಗೆ ಹೋಟೆಲ್, ಶನಿವಾರ ಭಾನುವಾರ ನೆಂಟರ ಮನೆ ಅಂತ ಹಂಚಿಕೊಳ್ಳಿ. ಅವರಿಗೂ ರಜೆ, ನಿಮಗೂ ನೆಮ್ಮದಿ.

ಎರಡನೆಯದು ನಮ್ಮ ಊಟ ಸಿಗುವ ಬಡಾವಣೆಗಳು. ಈಸ್ಟ್ ಹ್ಯಾಮ್‌ನಲ್ಲಿ ದೋಸೆ ಇಡ್ಲಿ, ವೆಂಬ್ಲಿಯಲ್ಲಿ ಗುಜರಾತಿ ಅಂಗಡಿಗಳ ಸಾಲು, ಸೌತಾಲ್‌ನಲ್ಲಿ ಪಂಜಾಬಿ ಸಡಗರ, ಜೊತೆಗೆ ಹ್ಯಾರೋ, ಹೌನ್ಸ್‌ಲೋ. ಬಾಡಿಗೆ ಕಡಿಮೆ, ಕೊತ್ತಂಬರಿ ಸೊಪ್ಪೂ ಸಿಗುತ್ತದೆ. ಆದರೆ ಇವೆಲ್ಲ ವಲಯ 3ರಿಂದ 5ರವರೆಗೆ ಹರಡಿಕೊಂಡಿವೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಬಂದು ಒಂದು ಗಂಟೆ ಕಾಲು ಚಾಚಲು ಆಗುವುದಿಲ್ಲ. ಮಕ್ಕಳು, ವಯಸ್ಸಾದವರು ಇದ್ದರೆ ಆ ಒಂದು ಗಂಟೆಯೇ ಸಂಜೆಯನ್ನು ಉಳಿಸುತ್ತದೆ. ದೋಸೆ ಬೇಕಾದರೆ ಒಂದು ಸಂಜೆ ಅಲ್ಲಿಗೆ ಹೋಗಿ ತಿಂದು ಬನ್ನಿ. ಅದಕ್ಕಾಗಿ ಅಲ್ಲೇ ಮಲಗಬೇಕಿಲ್ಲ.

ಮೂರನೆಯದು ನಟ್ಟನಡುವೆ: ಪ್ಯಾಡಿಂಗ್ಟನ್, ಬೇಸ್‌ವಾಟರ್, ಸೌತ್ ಕೆನ್ಸಿಂಗ್ಟನ್, ಕಿಂಗ್ಸ್ ಕ್ರಾಸ್, ವಾಟರ್ಲೂ. ಇಲ್ಲಿನ ಅಗ್ಗದ ಹೋಟೆಲುಗಳು ಹೆಚ್ಚಾಗಿ ಹಳೆಯ ಮನೆಗಳನ್ನು ಒಡೆದು ಕಟ್ಟಿದವು. ಮೆಟ್ಟಿಲು ಇಕ್ಕಟ್ಟು, ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ, ಕಡಿಮೆ ಬೆಲೆಗೆ ಕೊಡುವ ಕೋಣೆ ಒಮ್ಮೊಮ್ಮೆ ನೆಲಮಾಳಿಗೆಯಲ್ಲಿರುತ್ತದೆ. ಬುಕ್ ಮಾಡುವ ಮುನ್ನ ಲಿಫ್ಟ್ ಇದೆಯಾ ಅಂತ ಕೇಳಿ. ಪ್ರೀಮಿಯರ್ ಇನ್, ಟ್ರಾವೆಲಾಡ್ಜ್‌ನಂಥ ಸರಣಿ ಹೋಟೆಲುಗಳಲ್ಲಿ ವಿಶೇಷವೇನೂ ಇಲ್ಲ, ಆದರೆ ಇಬ್ಬರು ದೊಡ್ಡವರು ಇಬ್ಬರು ಮಕ್ಕಳಿಗೆ ಆಗುವ ಫ್ಯಾಮಿಲಿ ರೂಮ್ ಸಿಗುತ್ತದೆ. ಬೆಲೆ ವಿಮಾನದ ಟಿಕೆಟ್ಟಿನ ಹಾಗೆ ದಿನದಿನಕ್ಕೂ ಬದಲಾಗುತ್ತದೆ. ತಿಂಗಳುಗಳ ಮೊದಲೇ ಹಿಡಿದರೆ ಅರ್ಥವಿದೆ. ಫಿಟ್ಜ್‌ರಾಯ್ ಸ್ಕ್ವೇರ್‌ನ ಇಂಡಿಯನ್ ವೈಎಂಸಿಎಯನ್ನೂ ಒಮ್ಮೆ ನೋಡಿ. ವಾರನ್ ಸ್ಟ್ರೀಟ್ ಸ್ಟೇಷನ್ನಿಗೆ ಹತ್ತಿರ, ಕೋಣೆ ಸಾದಾ, ಭಾರತೀಯ ಊಟ ಸಿಗುತ್ತದೆ. ಭಾರತದಿಂದ ಹೋದ ವಿದ್ಯಾರ್ಥಿಗಳಿಗಾಗಿ ಶುರುವಾದ ಜಾಗ ಅದು.

ನಡುವಿನ ಊರು ಕೈಗೆಟುಕದಿದ್ದರೆ ನನ್ನ ಓಟು ಸ್ಟ್ರಾಟ್‌ಫರ್ಡ್‌ಗೆ. 2012ರ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಸೆಂಟ್ರಲ್, ಜ್ಯೂಬಿಲಿ, ಎಲಿಜಬೆತ್ ಲೈನ್ ಅನ್ನುವ ಮೂರು ರೈಲು ಮಾರ್ಗಗಳು ಬರುತ್ತವೆ. ಹೊಸ ಕಟ್ಟಡಗಳಾದ್ದರಿಂದ ಲಿಫ್ಟ್ ಇರುತ್ತದೆ. ಪಶ್ಚಿಮಕ್ಕೆ ಬೇಕೆಂದರೆ ಹ್ಯಾಮರ್‌ಸ್ಮಿತ್. ಹೀಥ್ರೋ ವಿಮಾನ ನಿಲ್ದಾಣದಿಂದ ಪಿಕಡಿಲಿ ಲೈನ್ ನೇರ ಬರುತ್ತದೆ.

ಯಾವ ಹೋಟೆಲಾದರೂ ಎರಡು ಮಾತು. ಬಚ್ಚಲಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ, ಜೆಟ್ ಸ್ಪ್ರೇಯೂ ಇಲ್ಲ. ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿಗೆ ಹಾಕಿಕೊಳ್ಳಿ, ನಾಚಿಕೆ ಬೇಡ. ಎರಡನೆಯದು, ಅಗ್ಗದ ಕೋಣೆಗಳಲ್ಲಿ ಎಸಿ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಜುಲೈ ಆಗಸ್ಟಿನಲ್ಲಿ ಹೋಗುವವರು ಅದನ್ನೂ ಕೇಳಿಯೇ ಹಿಡಿಯಿರಿ.

ಹೀಥ್ರೋದಿಂದ ಕೋಣೆಗೆ

ಬೆಂಗಳೂರಿನಿಂದ ನೇರ ಬಂದವರು ಹತ್ತು ಗಂಟೆಗೂ ಜಾಸ್ತಿ ಕೂತು ಇಳಿದಿರುತ್ತಾರೆ. ಆಗ ತಲೆ ಓಡುವುದಿಲ್ಲ, ಕಣ್ಣಿಗೆ ಮೊದಲು ಬಿದ್ದ ಬೋರ್ಡಿನ ಹಿಂದೆ ಹೋಗುತ್ತೇವೆ. ಆ ಬೋರ್ಡು ಬಹಳ ಸಲ ಹೀಥ್ರೋ ಎಕ್ಸ್‌ಪ್ರೆಸ್‌ನದ್ದು. 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ತಲುಪಿಸುತ್ತದೆ ನಿಜ, ಆದರೆ ಅಲ್ಲೇ ನಿಂತು ಕೊಂಡರೆ ಒಬ್ಬರಿಗೆ 25 ಪೌಂಡ್ ಆಸುಪಾಸು. ಮೊದಲೇ ಕೊಂಡರೆ ಕಡಿಮೆ. ಹೋಟೆಲ್ ಪ್ಯಾಡಿಂಗ್ಟನ್ ಪಕ್ಕದಲ್ಲೇ ಇದ್ದರೆ ಮಾತ್ರ ಯೋಚಿಸಿ.

ಎಲಿಜಬೆತ್ ಲೈನ್ 2022ರ ಮೇ ತಿಂಗಳಲ್ಲಿ ಶುರುವಾಯಿತು, ಆಮೇಲೆ ಈ ಲೆಕ್ಕವೇ ಬದಲಾಯಿತು. ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆ, ಅಲ್ಲಿಂದ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್ ಅಂತ ಊರೊಳಗೇ ನುಗ್ಗುತ್ತದೆ. ಎಸಿ ಇದೆ, ಬೋಗಿ ಅಗಲ. ಎಕ್ಸ್‌ಪ್ರೆಸ್ಸಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು. ಪಿಕಡಿಲಿ ಲೈನ್ ಎಲ್ಲಕ್ಕಿಂತ ಅಗ್ಗ, ಆರು ಪೌಂಡ್ ಆಸುಪಾಸು, ಆದರೆ ಐವತ್ತು ನಿಮಿಷದಿಂದ ಒಂದು ಗಂಟೆ, ಮತ್ತು ಹಳೆಯ ಇಕ್ಕಟ್ಟಿನ ಬೋಗಿ. ಸೂಟ್‌ಕೇಸ್ ನಿಮ್ಮ ಮೊಣಕಾಲ ಮಧ್ಯೆಯೇ ಇರಬೇಕಾಗುತ್ತದೆ.

ನನ್ನ ತೀರ್ಪು: ಸಂಸಾರ ಸಮೇತ ಬಂದವರಿಗೆ ಎಲಿಜಬೆತ್ ಲೈನ್. ಅರ್ಲ್ಸ್ ಕೋರ್ಟ್, ಕಿಂಗ್ಸ್ ಕ್ರಾಸ್‌ನಂಥ ಕಡೆ ಇಳಿದುಕೊಂಡವರಿಗೆ ಪಿಕಡಿಲಿ. ಗಾಡಿ ಬದಲಿಸುವ ತಾಪತ್ರಯವಿಲ್ಲ, ಎರಡೂ ಸ್ಟೇಷನ್ನುಗಳಲ್ಲಿ ಲಿಫ್ಟ್ ಇದೆ. ಸೌತ್ ಕೆನ್ಸಿಂಗ್ಟನ್ ಕೂಡ ಅದೇ ಲೈನಿನಲ್ಲಿದ್ದರೂ ಪಿಕಡಿಲಿಯಿಂದ ಮೇಲೆ ಬರಲು ಮೆಟ್ಟಿಲು ಹತ್ತದೆ ವಿಧಿಯಿಲ್ಲ. ಇದನ್ನು ಟ್ಯೂಬ್, ಅಂದರೆ ಲಂಡನ್ನಿನ ಸುರಂಗ ರೈಲಿನ ನಕ್ಷೆಯಲ್ಲೇ ನೋಡಬಹುದು. ಗಾಲಿಕುರ್ಚಿ ಗುರುತಿದ್ದರೆ ಮೆಟ್ಟಿಲಿಲ್ಲದ ದಾರಿ ಇದೆ ಅಂತ ಅರ್ಥ.

ಕಪ್ಪು ಟ್ಯಾಕ್ಸಿ ಹತ್ತಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ 100 ಪೌಂಡ್ ಹತ್ತಿರ ಹೋಗಬಹುದು. ಮೊದಲೇ ಗೊತ್ತುಮಾಡಿದ ಕ್ಯಾಬ್ ಇದಕ್ಕಿಂತ ಅಗ್ಗ. ನಾಲ್ಕು ಜನ, ನಾಲ್ಕು ದೊಡ್ಡ ಪೆಟ್ಟಿಗೆ, ಜೊತೆಗೆ ಮಂಡಿ ನೋವಿನ ಅಮ್ಮ ಇದ್ದರೆ ಅದನ್ನೇ ಹಿಡಿಯಿರಿ. ಇನ್ನೊಂದು ವಿಮಾನ ನಿಲ್ದಾಣ ಗ್ಯಾಟ್‌ವಿಕ್‌ನಲ್ಲಿ ಇಳಿದರೆ ಗ್ಯಾಟ್‌ವಿಕ್ ಎಕ್ಸ್‌ಪ್ರೆಸ್ ಬಿಟ್ಟುಬಿಡಿ. ಅದೇ ವಿಕ್ಟೋರಿಯಾಗೆ ಸದರ್ನ್ ರೈಲು ಕೆಲವೇ ನಿಮಿಷ ತಡವಾಗಿ, ಕಡಿಮೆ ದುಡ್ಡಿಗೆ ಹೋಗುತ್ತದೆ. ಲಂಡನ್ ಬ್ರಿಡ್ಜ್, ಸೇಂಟ್ ಪ್ಯಾಂಕ್ರಾಸ್ ಕಡೆಯವರಿಗೆ ಥೇಮ್ಸ್‌ಲಿಂಕ್.

ಆಯಿಸ್ಟರ್ ಕಾರ್ಡಾ, ಬ್ಯಾಂಕ್ ಕಾರ್ಡಾ?

ಹಳಬರು ಎಲ್ಲರೂ ಆಯಿಸ್ಟರ್ ಕಾರ್ಡ್, ಅಂದರೆ ದುಡ್ಡು ತುಂಬಿಸಿ ಗೇಟಿನ ಯಂತ್ರಕ್ಕೆ ತಟ್ಟುವ ಅಲ್ಲಿನ ಸಾರಿಗೆ ಕಾರ್ಡ್ ತಗೊಳ್ಳಿ ಅನ್ನುತ್ತಾರೆ. ಈಗ ದೊಡ್ಡವರಿಗೆ ಅದರ ಅಗತ್ಯ ಕಡಿಮೆ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡಿಗೂ ಅದೇ ದರ, ಅದೇ ದಿನದ ಮಿತಿ. ವಲಯ 1 ಮತ್ತು 2ರೊಳಗೆ ಎಷ್ಟು ಸಲ ಹತ್ತಿ ಇಳಿದರೂ ದಿನಕ್ಕೆ ಒಂಬತ್ತು ಪೌಂಡ್ ಆಸುಪಾಸು ತಲುಪಿದ ಮೇಲೆ ಮತ್ತೆ ಕಡಿಯುವುದಿಲ್ಲ. ಆಯಿಸ್ಟರ್ ಕಾರ್ಡಿಗೇ ಬೇರೆ ದುಡ್ಡು, ಅದು ವಾಪಸ್ ಬರುವುದಿಲ್ಲ.

ಆದರೆ ನಮ್ಮ ಕಾರ್ಡುಗಳಿಗೆ ಎರಡು ತೊಡಕಿವೆ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆ, ಅದರೊಳಗೆ ಕಾಂಟ್ಯಾಕ್ಟ್‌ಲೆಸ್, ಎರಡನ್ನೂ ಆನ್ ಮಾಡಿಕೊಂಡೇ ವಿಮಾನ ಹತ್ತಿ. ಇನ್ನೊಂದು, ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ಪ್ರತಿ ಖರ್ಚಿಗೂ ವಿದೇಶಿ ವಿನಿಮಯದ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಪೌಂಡ್ ತುಂಬಿದ ಫಾರೆಕ್ಸ್ ಕಾರ್ಡ್ ಆದರೆ ಈ ಕಿರಿಕಿರಿ ಇಲ್ಲ.

ಮತ್ತೆ, ಒಂದೇ ಕಾರ್ಡನ್ನು ಗಂಡ ಹೆಂಡತಿ ಇಬ್ಬರೂ ತಟ್ಟುವ ಹಾಗಿಲ್ಲ. ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು. ಅದೇ ಕಾರ್ಡನ್ನು ಫೋನಿನಲ್ಲಿ ಒಮ್ಮೆ, ಕೈಯಲ್ಲಿ ಒಮ್ಮೆ ತಟ್ಟಿದರೂ ಎರಡು ಬೇರೆ ಪ್ರಯಾಣಿಕರು ಅಂತಲೇ ಲೆಕ್ಕ, ದಿನದ ಮಿತಿ ಕೆಡುತ್ತದೆ. ಟ್ಯೂಬಿನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಟ್ಟಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ.

ಮಕ್ಕಳ ವಿಷಯ: 11 ವರ್ಷದೊಳಗಿನವರಿಗೆ ಟ್ಯೂಬ್, ಬಸ್ ಪುಕ್ಕಟೆ. ಟ್ಯೂಬಿನಲ್ಲಿ ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳವರೆಗೆ ಬಿಡುತ್ತಾರೆ. 11ರಿಂದ 15ರವರಿಗೆ ಮಾತ್ರ ಆಯಿಸ್ಟರ್ ಕೊಂಡು, ಸ್ಟೇಷನ್ ಸಿಬ್ಬಂದಿಗೆ ಹೇಳಿ ಯಂಗ್ ವಿಸಿಟರ್ ರಿಯಾಯಿತಿ ಹಾಕಿಸಿ. ಎರಡು ವಾರದವರೆಗೆ ಅರ್ಧ ದರ.

ಬ್ಯಾಂಕ್ ಕಾರ್ಡಿನ ವಾರದ ಮಿತಿ ಸೋಮವಾರದಿಂದ ಭಾನುವಾರಕ್ಕೆ. ಗುರುವಾರ ಬಂದು ಬುಧವಾರ ಹೋಗುವವರಿಗೆ ಅದರ ಲಾಭ ಸಿಗುವುದಿಲ್ಲ. ಅಂಥವರು ದಿನವೂ ಜಾಸ್ತಿ ಓಡಾಡುವುದಿದ್ದರೆ ಆಯಿಸ್ಟರ್ ಮೇಲೆ ಟ್ರಾವೆಲ್‌ಕಾರ್ಡ್ ಅನ್ನುವ ಏಳು ದಿನದ ಪಾಸ್ ಹಾಕಿಸಬಹುದು, ಅದು ಯಾವ ದಿನ ಬೇಕಾದರೂ ಶುರು. ರೆಡಿಂಗ್, ಸ್ಲೋದ ನೆಂಟರ ಮನೆಗೆ ಹೋಗುವವರಿಗೆ ಮಾತ್ರ ಎಚ್ಚರಿಕೆ: ಎಲಿಜಬೆತ್ ಲೈನಿನಲ್ಲಿ ವೆಸ್ಟ್ ಡ್ರೇಟನ್ ದಾಟಿದ ಮೇಲೆ ಆಯಿಸ್ಟರ್ ನಡೆಯುವುದಿಲ್ಲ, ಬ್ಯಾಂಕ್ ಕಾರ್ಡ್ ನಡೆಯುತ್ತದೆ.

ಬಸ್ಸು, ಟ್ಯೂಬು, ಕಾಲು

ಹತ್ತಿ ಇಳಿಯುವ ಟೂರಿಸ್ಟ್ ಬಸ್ಸಿಗೆ ಒಬ್ಬರಿಗೆ ಮೂವತ್ತು ಪೌಂಡಿಗೂ ಮೇಲೆ ಕೇಳುತ್ತಾರೆ. ಊರಿನ ಸಾದಾ ಕೆಂಪು ಬಸ್ಸಿಗೆ ಎರಡು ಪೌಂಡಿಗಿಂತ ಕಡಿಮೆ, ಒಂದು ಗಂಟೆಯೊಳಗೆ ಬಸ್ ಬದಲಿಸಿದರೆ ಮತ್ತೆ ದುಡ್ಡಿಲ್ಲ. 9ನೇ ನಂಬರ್ ಹತ್ತಿ ಮಹಡಿಯ ಮುಂದಿನ ಸೀಟು ಹಿಡಿಯಿರಿ. ರಾಯಲ್ ಆಲ್ಬರ್ಟ್ ಹಾಲ್, ಹೈಡ್ ಪಾರ್ಕ್ ಮೂಲೆ, ಪಿಕಡಿಲಿ ಎಲ್ಲ ತೋರಿಸಿ ಟ್ರಫಾಲ್ಗರ್ ಸ್ಕ್ವೇರ್‌ಗೆ ತರುತ್ತದೆ. ಅಲ್ಲಿ 15 ಹಿಡಿದರೆ ಸ್ಟ್ರ್ಯಾಂಡ್, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ದಾಟಿ ಟವರ್ ಆಫ್ ಲಂಡನ್. ಹೆಡ್‌ಫೋನಿನ ವಿವರಣೆ ಇರುವುದಿಲ್ಲ, ಅಷ್ಟೇ. ಬಸ್ಸಿನಲ್ಲಿ ನಗದು ತಗೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ, ಚಿಲ್ಲರೆ ಹುಡುಕಬೇಡಿ.

ದೂರಕ್ಕೆ ಟ್ಯೂಬ್. ಹತ್ತಿರಕ್ಕೆ ಟ್ಯೂಬ್ ಹತ್ತುವುದು ಸುಮ್ನೆ ದಂಡ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಹಳಿಯ ಮೇಲೆ 260 ಮೀಟರ್. ಕೆಳಗಿಳಿದು ಮೇಲೆ ಬರುವಷ್ಟರಲ್ಲಿ ನಡೆದು ತಲುಪಿರುತ್ತೀರಿ. ಕಾವೆಂಟ್ ಗಾರ್ಡನ್ ಸ್ಟೇಷನ್ನಿನಲ್ಲಿ ಲಿಫ್ಟ್ ಕ್ಯೂ ನೋಡಿ ಬೇಸತ್ತು ಮೆಟ್ಟಿಲ ಕಡೆ ತಿರುಗಬೇಡಿ, ಒಟ್ಟು 193 ಇವೆ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ, ಎಡಗಡೆ ನಡೆಯುವವರಿಗೆ. ಈ ಒಂದು ವಿಷಯದಲ್ಲಿ ಮಾತ್ರ ಲಂಡನ್ನಿನವರಿಗೆ ತಾಳ್ಮೆ ಇಲ್ಲ.

ನಡೆಯುವುದಾದರೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ನದಿಯ ದಕ್ಷಿಣ ದಡ ಹಿಡಿದು ಟವರ್ ಬ್ರಿಡ್ಜ್‌ವರೆಗೆ, ಸುಮಾರು ನಾಲ್ಕು ಕಿಲೋಮೀಟರ್. ಟೇಟ್ ಮಾಡರ್ನ್, ಷೇಕ್ಸ್‌ಪಿಯರ್‌ನ ಗ್ಲೋಬ್, ಬರೋ ಮಾರ್ಕೆಟ್ ಎಲ್ಲ ದಾರಿಯಲ್ಲೇ. ಅದೇ ಸೇತುವೆಯಿಂದ ಎದುರು ದಿಕ್ಕಿಗೆ ಹೋದರೆ ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದದ ಗೋಡೆ, ಮುಂದೆ ಲ್ಯಾಂಬೆತ್ ಕಡೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತೋಟದಲ್ಲಿ ನಮ್ಮ ಬಸವಣ್ಣ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ ಪ್ರತಿಮೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಲ್ಲಿ ಕ್ಯೂ ಇಲ್ಲ, ಟಿಕೆಟ್ ಇಲ್ಲ.

ಸೇತುವೆಯ ಮೇಲೆ ಮೂರು ಬಟ್ಟಲು ಒಂದು ಚೆಂಡು ಇಟ್ಟುಕೊಂಡು ಆಡಿಸುವವರು ಕಂಡರೆ ನಿಲ್ಲಬೇಡಿ. ಸುತ್ತ ಗೆಲ್ಲುತ್ತಿರುವವರು ಅವರದೇ ಜನ. ಫೋನನ್ನು ರಸ್ತೆಯಂಚಿನಲ್ಲಿ ಕೈಯಲ್ಲಿ ಹಿಡಿದು ದಾರಿ ನೋಡಬೇಡಿ. ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಆ ಊರಿನ ದೊಡ್ಡ ಪಿಡುಗು. ಗೋಡೆ ಕಡೆಗೆ ಸರಿದು ನಿಂತು ನೋಡಿ.

ಯಾವುದಕ್ಕೆ ದುಡ್ಡು ಕೊಡುವುದು

ಮೇಲಿನಿಂದ ಊರು ನೋಡಬೇಕೆಂದರೆ ಲಂಡನ್ ಐ 135 ಮೀಟರ್ ಎತ್ತರ, ಒಂದು ಸುತ್ತಿಗೆ ಅರ್ಧ ಗಂಟೆ. ಸ್ಕೈ ಗಾರ್ಡನ್ ಒಂದು ಎತ್ತರದ ಕಟ್ಟಡದ 35ನೇ ಮಹಡಿಯಲ್ಲಿದೆ, ಒಳಗೆ ಗಿಡಗಳು, ಕೂರಲು ಜಾಗ, ಪ್ರವೇಶ ಪುಕ್ಕಟೆ. ಹೊರೈಜನ್ 22 ಇನ್ನೂ ಎತ್ತರ, 58ನೇ ಮಹಡಿ, ಅದೂ ಪುಕ್ಕಟೆ. ಒಂದೇ ಷರತ್ತು, ಮೊದಲೇ ಆನ್‌ಲೈನ್‌ನಲ್ಲಿ ಕಾದಿರಿಸಬೇಕು. ಸ್ಕೈ ಗಾರ್ಡನ್‌ನ ಜಾಗಗಳನ್ನು ಸುಮಾರು ಮೂರು ವಾರ ಮೊದಲು ಬಿಡುತ್ತಾರೆ, ಸಂಜೆಯವು ಬೇಗ ಮುಗಿಯುತ್ತವೆ. ಚಿಕ್ಕ ಮಕ್ಕಳು ಚಕ್ರ ಹತ್ತಲೇಬೇಕು ಅಂತ ಹಟ ಹಿಡಿದರೆ ಲಂಡನ್ ಐ. ಇಲ್ಲದಿದ್ದರೆ ಅದನ್ನು ಕೆಳಗಿನಿಂದ ನೋಡಿದರೇ ಚೆಂದ.

ಒಂದೇ ಒಂದು ಟಿಕೆಟ್ ಕೊಳ್ಳುವುದಾದರೆ ಟವರ್ ಆಫ್ ಲಂಡನ್. ಮೂವತ್ತೈದು ಪೌಂಡ್ ಆಸುಪಾಸು, ಆದರೆ ಅರ್ಧ ದಿನ ಪೂರ್ತಿ ಸಿಗುತ್ತದೆ. ಸಾವಿರ ವರ್ಷದ ಹತ್ತಿರದ ಕೋಟೆ, ಸೆರೆಮನೆ, ರಾಜಾಭರಣ. ರಾಣಿಯ ಕಿರೀಟದಲ್ಲಿ ಕೂತ ಕೊಹಿನೂರ್ ಮುಂದೆ ಚಲಿಸುವ ಪಟ್ಟಿ ನಿಮ್ಮನ್ನು ಸಾಗಿಸಿಬಿಡುತ್ತದೆ, ಮನಸಾರೆ ಬೈದುಕೊಳ್ಳಲೂ ಬಿಡುವುದಿಲ್ಲ. ಬೆಳಿಗ್ಗೆ ತೆರೆದ ಕೂಡಲೇ ಮೊದಲು ಆ ಕಡೆಗೇ ಹೋಗಿ.

ವೆಸ್ಟ್‌ಮಿನ್‌ಸ್ಟರ್ ಅಬೆ, ಸೇಂಟ್ ಪಾಲ್ಸ್ ಈ ಎರಡು ಚರ್ಚುಗಳಲ್ಲಿ ಒಂದು ಸಾಕು. ಇತಿಹಾಸದ ಹುಚ್ಚಿದ್ದರೆ ಅಬೆ. ನ್ಯೂಟನ್, ಡಾರ್ವಿನ್ ಸಮಾಧಿ ಅಲ್ಲೇ ಇವೆ. ಕಾಲಿನಲ್ಲಿ ಕಸುವಿದ್ದರೆ ಸೇಂಟ್ ಪಾಲ್ಸ್, ಗುಮ್ಮಟದ ತುದಿಗೆ 528 ಮೆಟ್ಟಿಲು. ಭಾನುವಾರ ಎರಡೂ ಪ್ರಾರ್ಥನೆಗೆ ಮೀಸಲು. ದುಡ್ಡು ಕೊಡದೆ ಒಳಗೆ ಕೂರಬೇಕೆಂದರೆ ಸಂಜೆಯ ಹಾಡುಪ್ರಾರ್ಥನೆಗೆ ಹೋಗಿ. ಫೋಟೋ ತೆಗೆಯುವಂತಿಲ್ಲ, ಓಡಾಡುವಂತಿಲ್ಲ, ಆದರೆ ಆ ಹಾಡು ಆ ಕಟ್ಟಡದಲ್ಲಿ ಕೇಳಬೇಕು. ಮೇಡಮ್ ಟುಸ್ಸಾಡ್ಸ್ ಬಗ್ಗೆ ಹೆಚ್ಚು ಹೇಳಲಾರೆ. ಎಲ್ಲವನ್ನೂ ಸೇರಿಸಿ ಮಾರುವ ಲಂಡನ್ ಪಾಸ್, ದಿನಕ್ಕೆ ಮೂರು ಜಾಗ ಓಡೋಡಿ ನೋಡುವವರಿಗೆ ಮಾತ್ರ ಲಾಭ.

ಮ್ಯೂಸಿಯಂಗಳಲ್ಲಿ ಮುಖ್ಯವಾದವಕ್ಕೆಲ್ಲ ಪ್ರವೇಶ ಪುಕ್ಕಟೆ. ಬ್ರಿಟಿಷ್ ಮ್ಯೂಸಿಯಂ ಒಂದು ದಿನಕ್ಕೆ ಮುಗಿಯುವ ಜಾಗವಲ್ಲ. ರೊಸೆಟ್ಟಾ ಶಿಲೆ, ಈಜಿಪ್ಟಿನ ಮಮ್ಮಿ, ಅಮರಾವತಿ ಸ್ತೂಪದ ಶಿಲ್ಪ, ಇಷ್ಟು ನೋಡಿ ಹೊರಗೆ ಬನ್ನಿ. ಮಕ್ಕಳಿದ್ದರೆ ಸೌತ್ ಕೆನ್ಸಿಂಗ್ಟನ್. ಡೈನೋಸಾರ್ ಮತ್ತು ನೀಲಿ ತಿಮಿಂಗಿಲದ ಅಸ್ಥಿಪಂಜರವಿರುವ ನ್ಯಾಚುರಲ್ ಹಿಸ್ಟರಿ, ಪಕ್ಕದಲ್ಲೇ ಸೈನ್ಸ್ ಮ್ಯೂಸಿಯಂ, ಎದುರಿಗೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಕನ್ನಡದವರಿಗೆ ಕೊನೆಯದು ಬೇರೆಯೇ ಕಾರಣಕ್ಕೆ ಮುಖ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದ ಟಿಪ್ಪುವಿನ ಹುಲಿ ಇರುವುದು ಈ ಮ್ಯೂಸಿಯಮ್ಮಿನವರ ಬಳಿ: ಬಿಳಿಯನ ಮೇಲೆರಗಿದ ಮರದ ಹುಲಿ, ಹೊಟ್ಟೆಯಲ್ಲಿ ಊದುವ ವಾದ್ಯ. ಗ್ಯಾಲರಿಗಳ ನವೀಕರಣದಲ್ಲಿ ವಸ್ತುಗಳ ಜಾಗ ಬದಲಾಗುತ್ತದೆ, ಹೋಗುವ ಮೊದಲು ಎಲ್ಲಿಟ್ಟಿದ್ದಾರೆ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿ. ಶುಕ್ರವಾರ ಈ ಮ್ಯೂಸಿಯಂ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಗುಂಪೂ ಕರಗಿರುತ್ತದೆ.

ಊಟ

ಸಸ್ಯಾಹಾರಿಗಳಿಗೆ ಲಂಡನ್ ಯುರೋಪಿನಲ್ಲೇ ಸುಲಭದ ಊರು, ಆದರೆ ಅವರ ವೆಜಿಟೇರಿಯನ್ ಗುರುತಿನಲ್ಲಿ ಮೊಟ್ಟೆ ಸೇರಿದೆ. ಮೊಟ್ಟೆ ಬೇಡದವರು ವೀಗನ್ ಅಂತ ಬರೆದದ್ದನ್ನೇ ಆರಿಸಿ. ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವುದುಂಟು, ಕೇಳಿ. ಮಧ್ಯಾಹ್ನಕ್ಕೆ ಸೂಪರ್‌ಮಾರ್ಕೆಟ್ಟಿನ ಮೀಲ್ ಡೀಲ್, ಅಂದರೆ ಸ್ಯಾಂಡ್‌ವಿಚ್, ತಿಂಡಿ, ಪಾನೀಯ ಸೇರಿ ನಾಲ್ಕೈದು ಪೌಂಡ್. ಅದನ್ನು ಹಿಡಿದು ಪಾರ್ಕಿನಲ್ಲಿ ಕೂರಿ. ರಾತ್ರಿ ಬಿಸಿ ಊಟಕ್ಕೆ ಯೂಸ್ಟನ್ ಹಿಂದಿನ ಡ್ರಮಂಡ್ ಸ್ಟ್ರೀಟಿನ ಭೇಲ್‌ಪೂರಿ ಹೋಟೆಲುಗಳು, ಸೋಹೋದಲ್ಲಿ ಇಸ್ಕಾನ್‌ನ ಗೋವಿಂದಾಸ್. ಮಸಾಲೆ ದೋಸೆಗೆ ಈಸ್ಟ್ ಹ್ಯಾಮ್ ಅಥವಾ ಟೂಟಿಂಗ್. ಬಿಲ್ಲಿನಲ್ಲಿ 12.5 ಶೇಕಡಾ ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ. ಅದರ ಮೇಲೆ ಮತ್ತೆ ಟಿಪ್ಸ್ ಬೇಡ. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಕುಡಿಯಬಹುದು.

ಊರಿಂದ ಚಟ್ನಿಪುಡಿ, ಗೊಜ್ಜವಲಕ್ಕಿ ಒಯ್ಯಿರಿ. ತುಪ್ಪ, ಧಾರವಾಡ ಪೇಡ ಬಿಡಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯುವುದಕ್ಕೆ ಅಲ್ಲಿ ನಿಷೇಧವಿದೆ.

ಸಾಮಾನು ಕೊಳ್ಳುವವರಿಗೂ ಒಂದು ಮಾತು. ಪ್ರವಾಸಿಗರು ಅಂಗಡಿಯಲ್ಲಿ ಕೊಂಡು ಒಯ್ಯುವ ವಸ್ತುವಿಗೆ ತೆರಿಗೆ ವಾಪಸ್ ಕೊಡುವುದನ್ನು ಇಂಗ್ಲೆಂಡಿನಲ್ಲಿ 2021ರ ಜನವರಿಯಿಂದ ನಿಲ್ಲಿಸಿದ್ದಾರೆ. ಪ್ಯಾರಿಸ್‌ಗೂ ಹೋಗುತ್ತಿದ್ದರೆ ದುಬಾರಿ ಬ್ಯಾಗು, ವಾಚು ಅಲ್ಲೇ ನೋಡಿ.

ಯಾವ ತಿಂಗಳು

ನಮ್ಮ ಶಾಲೆಗಳ ಬೇಸಿಗೆ ರಜೆ ಇಲ್ಲಿ ನಿಜಕ್ಕೂ ಒದಗಿ ಬರುತ್ತದೆ. ಮೇ ತಿಂಗಳು ಲಂಡನ್ನಿಗೆ ಬಲು ಚೆಂದ. ರಾತ್ರಿ ಎಂಟೂವರೆಗೂ ಬೆಳಕು, ಅವರ ಶಾಲೆಗಳ ಬೇಸಿಗೆ ರಜೆ ಇನ್ನೂ ಶುರುವಾಗಿರುವುದಿಲ್ಲ. ಜೂನ್ ಕೊನೆಗೆ ಸೂರ್ಯ ಮುಳುಗುವುದು ಒಂಬತ್ತು ಇಪ್ಪತ್ತಕ್ಕೆ. ಜುಲೈ ಆಗಸ್ಟಿನಲ್ಲಿ ಜನ ಜಾಸ್ತಿ, ಬೆಲೆ ಜಾಸ್ತಿ, ಸೆಂಟ್ರಲ್ ಲೈನಿನ ಬೋಗಿಗಳಲ್ಲಿ ಎಸಿ ಇಲ್ಲದೆ ಬೆವರು. ದಸರಾ ರಜೆಯ ಅಕ್ಟೋಬರ್ ಎರಡನೇ ಆಯ್ಕೆ. ಎಲೆ ಬಣ್ಣ ತಿರುಗಿರುತ್ತದೆ, ಜೊತೆಗೆ ಮಳೆ, ಜರ್ಕಿನ್ ಬೇಕು. ಡಿಸೆಂಬರಿನ ದೀಪಾಲಂಕಾರ ನೋಡಲು ಹೋಗುವವರು ಇಷ್ಟು ತಿಳಿದಿರಿ: ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲು, ಕ್ರಿಸ್‌ಮಸ್ ದಿನ ಟ್ಯೂಬೂ ಇಲ್ಲ, ಬಸ್ಸೂ ಇಲ್ಲ. ಅಂದು ಕಾಲ್ನಡಿಗೆಗೆ ಸಿಗುವ ಕಡೆ ಕೋಣೆ ಇಲ್ಲದಿದ್ದರೆ ಇಡೀ ದಿನ ಗೋಡೆ ನೋಡುತ್ತಾ ಕೂರಬೇಕು.

ಒಂದು ದಿನ ಊರಾಚೆ

ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಬಸ್ ಪ್ರವಾಸವನ್ನು ನಾನು ಯಾರಿಗೂ ಹೇಳುವುದಿಲ್ಲ. ದಿನದ ಬಹುಪಾಲು ಹೆದ್ದಾರಿಯೇ. ಸ್ಟೋನ್‌ಹೆಂಜ್‌ನಲ್ಲಿ ಕಲ್ಲುಗಳ ಹತ್ತಿರಕ್ಕೂ ಬಿಡುವುದಿಲ್ಲ, ಹಗ್ಗದಾಚೆಯಿಂದ ನೋಡಬೇಕು. ಹಂಪಿಯ ಕಲ್ಲುಗಳ ನಡುವೆ ಓಡಾಡಿದವರಿಗೆ ಇದು ಸಪ್ಪೆ ಅನ್ನಿಸಬಹುದು.

ವಯಸ್ಸಾದವರು ಜೊತೆಗಿದ್ದರೆ ವಿಂಡ್ಸರ್. ವಾಟರ್ಲೂನಿಂದ ನೇರ ರೈಲು, ಅಥವಾ ಪ್ಯಾಡಿಂಗ್ಟನ್‌ನಿಂದ ಸ್ಲೋದಲ್ಲಿ ಬದಲಿಸಿ. ಕೋಟೆ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಮುಚ್ಚಿರುತ್ತದೆ. ರಾಣಿ ಎರಡನೇ ಎಲಿಜಬೆತ್ ಸಮಾಧಿ ಇರುವ ಸೇಂಟ್ ಜಾರ್ಜ್ ಚಾಪೆಲ್ ಭಾನುವಾರ ಪ್ರವಾಸಿಗರಿಗೆ ಇಲ್ಲ. ಓದುವ ಮಕ್ಕಳಿದ್ದರೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್. ಎರಡೂ ಒಂದು ಗಂಟೆಯ ಆಸುಪಾಸು, ಮೊದಲನೆಯದು ಪ್ಯಾಡಿಂಗ್ಟನ್‌ನಿಂದ, ಎರಡನೆಯದು ಕಿಂಗ್ಸ್ ಕ್ರಾಸ್‌ನಿಂದ. ಕಟ್ಟಡಗಳಿಗೆ ಆಕ್ಸ್‌ಫರ್ಡ್, ನದಿ ಮತ್ತು ದೋಣಿಗೆ ಕೇಂಬ್ರಿಡ್ಜ್. ನಾನಾದರೆ ಕೇಂಬ್ರಿಡ್ಜ್, ರಾಮಾನುಜನ್ ಇದ್ದ ಟ್ರಿನಿಟಿ ಕಾಲೇಜಿನ ಬಾಗಿಲಲ್ಲಿ ಒಮ್ಮೆ ನಿಂತು ಬರಲಿಕ್ಕಾದರೂ.

ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋಗುತ್ತಿದ್ದರೆ ರೈಲು ಟಿಕೆಟ್ ಕೊಳ್ಳುವಾಗ ಗ್ರೂಪ್‌ಸೇವ್ ಇದೆಯಾ ನೋಡಿ. ಬಹಳಷ್ಟು ಮಾರ್ಗಗಳಲ್ಲಿ ದಟ್ಟಣೆ ಇಲ್ಲದ ಹೊತ್ತಿಗೆ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಭಾನುವಾರ ಮಾತ್ರ ಇಟ್ಟುಕೊಳ್ಳಬೇಡಿ. ಹಳಿ ರಿಪೇರಿ ಮಾಡುವುದು ಹೆಚ್ಚಾಗಿ ಆವತ್ತೇ, ರೈಲಿನ ಬದಲು ಬಸ್ ಹತ್ತಿಸಿಬಿಡುತ್ತಾರೆ.